ತಲುಪಿದ ಮೇಲೆಯೇ ತಯಾರಾಗುವ ಅಂಟು

ನರದ ಎಳೆಗೆ ಸುತ್ತಿಕೊಂಡಿರುವ ಕೊಬ್ಬಿನ ಪದರವೇ ಮಯಲಿನ್. ಅದು ಗಟ್ಟಿಯಾಗಿದ್ದರೆ ಕೆಲವು ನರಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 100 ಮೀಟರ್ ಓಡುತ್ತದೆ. ಇಷ್ಟು ಗೊತ್ತಿತ್ತು. ಅದನ್ನು ಕಟ್ಟುವ ಬಗೆಯನ್ನು ಇವತ್ತು ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಅಕ್ಕನ ಮಗಳು ಹೇಳಿದಳು. ಆಗಿನಿಂದ ತಲೆಯಲ್ಲಿ ಅದೇ.

ಮೆದುಳಿನಲ್ಲಿ ಈ ಕೆಲಸ ಆಲಿಗೊಡೆಂಡ್ರೊಸೈಟ್ ಎಂಬ ಕೋಶದ್ದು. ಒಂದೇ ಕೋಶ ಕೈಗಳನ್ನು ಚಾಚಿ ಹತ್ತಾರು ಎಳೆಗಳಿಗೆ ಪದರ ಸುತ್ತಬಲ್ಲದು. ಬೇಕಾದ ಸಾಮಾನೆಲ್ಲ ಆ ಕೈಗಳ ತುದಿ ತಲುಪಬೇಕು. ಕೆಲವು ಪ್ರೋಟೀನ್‌ಗಳು ಪುಟ್ಟ ಚೀಲಗಳಲ್ಲಿ ಹೋಗುತ್ತವೆ. ಆದರೆ ಪದರಗಳನ್ನು ಒಂದಕ್ಕೊಂದು ಬಿಗಿಯಾಗಿ ಅಂಟಿಸುವ ಎಂಬಿಪಿ ಪ್ರೋಟೀನ್ ಸಿಕ್ಕ ಪೊರೆಗೆಲ್ಲ ಮೆತ್ತಿಕೊಳ್ಳುತ್ತದೆ. ಅದಕ್ಕೇ ಕೋಶ ಅದನ್ನು ಮೊದಲೇ ಮಾಡಿ ಕಳಿಸುವುದಿಲ್ಲ. ಮಾಡುವ ವಿಧಾನ ಬರೆದಿರುವ ಆರ್‌ಎನ್‌ಎಯನ್ನು ಮಾತ್ರ ಕಳಿಸುತ್ತದೆ. ಕೈನೆಸಿನ್ ಎಂಬ ಮೋಟಾರು ಪ್ರೋಟೀನ್ ಅದನ್ನು ಸಣ್ಣ ನಳಿಗೆಗಳ ಮೇಲೆ ಹೊತ್ತು ನಡೆಯುತ್ತದೆ. ದಾರಿಯುದ್ದಕ್ಕೂ ಆರ್‌ಎನ್‌ಎ ಸುಮ್ನೆ ಇರುತ್ತದೆ. ತುದಿ ಮುಟ್ಟಿದ ಮೇಲೆಯೇ ಪ್ರೋಟೀನ್ ತಯಾರಿ. ಕಾಂಕ್ರೀಟನ್ನು ಮನೆ ಕಟ್ಟುವ ಜಾಗದಲ್ಲೇ ಕಲಸಿದ ಹಾಗೆ, ಅಲ್ವಾ?

ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ಹಾಳಾಗುವುದು ಇದೇ ಪದರ. ಹಾಳಾದ ಕಡೆ ಹೊಸ ಕೋಶಗಳು ಬಂದು ಸ್ವಲ್ಪಮಟ್ಟಿಗೆ ಮತ್ತೆ ಸುತ್ತುತ್ತವಂತೆ. ಅದನ್ನು ಹೇಳುವಾಗ ಹುಡುಗಿಯ ದನಿಯಲ್ಲಿ ಎಷ್ಟು ಖುಷಿ! ಮುಂದೆ ಅದನ್ನೇ ಓದುತ್ತಾಳಂತೆ. ಓದಲಿ.