ಗುರುತು ಅದೇ, ಚಕ್ರ ಬೇರೆ

ಫೆಬ್ರವರಿಯ ಆ ಶನಿವಾರ ಬೆಳಿಗ್ಗೆ ಕೆನಡಾದ ಕಿಚನರ್‌ನಲ್ಲಿ ಮೈನಸ್ 18 ಇತ್ತು, ಗ್ಯಾರೇಜ್‌ನಲ್ಲಿ ಹೀಟರ್ ಹಾಕಿ ಒಂದು ಗಂಟೆ ಆದ್ಮೇಲೂ ಮರ ಕಡೆಯೋ ಲೇತ್‌ನ ಕಬ್ಬಿಣ ಮುಟ್ಟಿದ್ರೆ ಬೆರಳು ಮರಗಟ್ಟೋದು. ಆದ್ರೂ ಅವತ್ತು ಕೆಲ್ಸ ಮುಂದಕ್ಕೆ ಹಾಕೋ ಹಾಗಿರ್ಲಿಲ್ಲ, ಪಕ್ಕದ ರಸ್ತೆಯವರು ಮನೆ ಮುಂದಿನ ಆಶ್ ಮರ ಕಡಿಸಿದಾಗ ಕೇಳಿ ತಂದಿಟ್ಟಿದ್ದ ದಿಮ್ಮಿ ತುದಿಯಲ್ಲಿ ಸೀಳೋಕೆ ಶುರುವಾಗಿತ್ತು. ಈ ಕಡೆ ಆಶ್ ಮರಗಳ ಕಥೆ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎಮರಾಲ್ಡ್ ಆಶ್ ಬೋರರ್ ಅಂತ ಏಷ್ಯಾ ಕಡೆಯಿಂದ ಬಂದ ಮಿರಮಿರ ಹಸಿರು ದುಂಬಿ, 2002ರಲ್ಲಿ ಡೆಟ್ರಾಯಿಟ್ ವಿಂಡ್ಸರ್ ಹತ್ರ ಮೊದಲು ಪತ್ತೆಯಾಗಿದ್ದು, ಅದರ ಹುಳು ತೊಗಟೆ ಕೆಳಗೆ ಹಾವು ಹರಿದ ಹಾಗೆ ಕೊರ್ಕೊಂಡು ಹೋಗುತ್ತೆ, ಮರಕ್ಕೆ ನೀರು ಆಹಾರ ಹರಿಯೋದೇ ನಿಂತುಹೋಗುತ್ತೆ. ನಂಗೆ ಸಿಕ್ಕ ದಿಮ್ಮಿಯ ತೊಗಟೆ ಬಿಡಿಸಿದಾಗಲೂ ಆ ಗೆರೆಗಳೆಲ್ಲ ಇದ್ವು. ಸೌದೆಯಾಗಿ ಹೋಗೋ ಬದಲು ನಾಲ್ಕು ಬಟ್ಟಲಾದ್ರೂ ಆಗ್ಲಿ ಅಂತ ನನ್ನ ಆಸೆ.

ಅದೇ ವಾರ ಉಳಿ ಮಸೆಯೋ ಗ್ರೈಂಡರ್‌ಗೆ ಹೊಸ ಚಕ್ರ ಹಾಕಿದ್ದೆ. ಮೊದಲಿದ್ದದ್ದು ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು, ತಂದಾಗ 8 ಇಂಚು, ಪ್ರತಿ ಸಲ ಡ್ರೆಸ್ಸರ್ ಹಿಡಿದು ಮುಖ ಸಮ ಮಾಡಿ ಮಾಡಿ ಆರೂವರೆ ಇಂಚಿಗೆ ಇಳಿದಿತ್ತು. ಹೊಸದು ಸಿಬಿಎನ್, ಅಂದ್ರೆ ಉಕ್ಕಿನ ಚಕ್ರದ ಮೇಲೆ ಕ್ಯೂಬಿಕ್ ಬೋರಾನ್ ನೈಟ್ರೈಡ್ ಪದರ, ಗಡಸುತನದಲ್ಲಿ ವಜ್ರದ ಹತ್ರ ಬರುತ್ತೆ, 180 ಗ್ರಿಟ್, ಪೂರ್ತಿ 8 ಇಂಚು. ಇದು ಸವೆದು ಚಿಕ್ಕದಾಗಲ್ಲ, ಡ್ರೆಸ್ ಮಾಡೋ ಧೂಳಿಲ್ಲ, ಹೈ ಸ್ಪೀಡ್ ಸ್ಟೀಲ್ ಉಳಿಗಳಿಗೆ ತುಂಬ ಒಳ್ಳೇದು. ಮೆತ್ತಗಿನ ಕಬ್ಬಿಣ ಮಾತ್ರ ಅದಕ್ಕೆ ತೋರಿಸ್ಬಾರ್ದು, ಕಟ್ಟಿಕೊಳ್ಳುತ್ತೆ.

ಮಸೆಯೋವಾಗ ಉಳಿಯನ್ನ ಪ್ರತಿ ಸಲ ಒಂದೇ ಕೋನದಲ್ಲಿ ಹಿಡಿಯೋ ಜಿಗ್ ಮಾತ್ರ ಹಳೇದೇ, ವುಲ್ವರೀನ್. ಅದು ತಯಾರಾಗೋದು ನಮ್ಮನೆಯಿಂದ ಮುಕ್ಕಾಲು ಗಂಟೆ ದೂರದ ಸ್ಟ್ರಾಟ್‌ಫರ್ಡ್‌ನಲ್ಲಿ. ಗ್ರೈಂಡರ್ ಕೆಳಗೆ ಒಂದು ಬೇಸ್, ಅದರೊಳಗೆ ಹಿಂದೆಮುಂದೆ ಸರಿಯೋ ಉದ್ದದ ಕೋಲು, ಕೋಲಿನ ತುದಿಯಲ್ಲಿ ವಿ ಆಕಾರದ ಗೂಡು. ಗೌಜ್, ಅಂದ್ರೆ ಬಟ್ಟಲು ತೋಡೋ ಕಾಲುವೆಯಿರೋ ಉಳಿ, ಅದನ್ನ ಹಿಡಿಯೋ ಹೋಲ್ಡರ್‌ಗೆ ಒಂದು ಕಾಲಿದೆ, ಆ ಕಾಲನ್ನ ಗೂಡಲ್ಲಿ ಊರಿ ಎಡಕ್ಕೆ ಬಲಕ್ಕೆ ತೂಗಿದ್ರೆ ಉಳಿಯ ಮೂತಿಯೂ ಪಕ್ಕದ ಎರಡೂ ರೆಕ್ಕೆಗಳೂ ಒಂದೇ ಓಟದಲ್ಲಿ ಮಸೆದು ಬರ್ತವೆ. ರೆಕ್ಕೆ ಹಿಂದಕ್ಕೆ ಎಳೆದ ಈ ಆಕಾರವನ್ನ ಕೆಲವರು ಐರಿಶ್ ಗ್ರೈಂಡ್ ಅಂತಾರೆ, ಸ್ವಲ್ಪ ಬೇರೆ ಅಳತೆಯಲ್ಲಿ ಮಸೆದ್ರೆ ಎಲ್ಸ್‌ವರ್ತ್ ಗ್ರೈಂಡ್. ಮೂರು ಅಳತೆ ನೆನಪಿಟ್ರೆ ಸಾಕು: ಹೋಲ್ಡರ್‌ನಿಂದ ಗೌಜ್ ಎಷ್ಟು ಮುಂದೆ ಚಾಚಿದೆ, ನಾನು 1¾ ಇಂಚು ಇಡ್ತೀನಿ, ಕಾಲು ಯಾವ ಕೋನದಲ್ಲಿದೆ, ಗೂಡು ಎಷ್ಟು ದೂರದಲ್ಲಿದೆ. ಮೂರನೇದಕ್ಕೆ ನಾನು ಕೋಲಿನ ಮೇಲೆ, ಅದು ಬೇಸ್ ಒಳಗೆ ಹೋಗೋ ಜಾಗದಲ್ಲಿ, ಮೊಳೆಯಿಂದ ಒಂದು ಗೀರು ಹಾಕಿಟ್ಟಿದ್ದೆ. ಗೀರಿಗೆ ಸೇರಿಸು, ಬಿಗಿ ಮಾಡು, ಮಸೆ.

ಅವತ್ತೂ ಅದನ್ನೇ ಮಾಡಿದೆ. ಗೀರಿಗೆ ಸೇರಿಸಿ 5/8 ಇಂಚಿನ ಗೌಜ್ ಹಿಡಿದೆ (ಇದನ್ನೇ ಇಂಗ್ಲೆಂಡಿನ ಶೆಫೀಲ್ಡ್‌ನವರು ಅರ್ಧ ಇಂಚು ಅಂತಾರೆ, ಅವರು ಒಳಗಿನ ಕಾಲುವೆ ಲೆಕ್ಕ ಹಿಡಿಯೋದು, ಅಮೆರಿಕದವರು ಸರಳಿನ ದಪ್ಪ). ಕಿಡಿ ಬಂತು, ಆದ್ರೆ ಕತ್ತರಿಸೋ ಬಾಯಿಯ ಮೇಲಿಂದ ಹಾರ್ಲಿಲ್ಲ, ಕೆಳಗೇ ಬೆವೆಲ್‌ನ, ಅಂದ್ರೆ ಬಾಯಿ ಹಿಂದಿನ ಇಳಿಜಾರು ಮುಖದ, ಹಿಂಬದಿಯಲ್ಲೇ ಬರ್ತಿತ್ತು. ಸಾಮಾನ್ಯವಾಗಿ ನಾಲ್ಕೈದು ತೂಗಿಗೆ ಮುಗಿಯೋ ಕೆಲ್ಸ, ಅವತ್ತು ಹತ್ತು ನಿಮಿಷ ಹಿಡೀತು. ಹೊಸ ಚಕ್ರ, ಹೊಂದಿಕೊಳ್ತಿದೆ ಅಂದ್ಕೊಂಡು ಕಿಡಿ ಬಾಯಿ ದಾಟೋವರೆಗೂ ಮಸೀತಾನೇ ಹೋದೆ. ಎಷ್ಟು ಒಳ್ಳೆ ಉಕ್ಕು ಪುಡಿಯಾಗಿ ಹೋಯ್ತು ಅಂತ ಈಗ್ಲೂ ಬೇಜಾರಾಗುತ್ತೆ.

ಬಟ್ಟಲಿನ ಹೊರಮೈ ಮಾತ್ರ ಅದ್ಭುತವಾಗಿ ಬಂತು. ಹಸಿ ಆಶ್ ಸುರುಳಿ ಸುರುಳಿಯಾಗಿ ಎದ್ದು ಭುಜದ ಮೇಲಿಂದ ಹಾರಿ ಬೀಳ್ತಿತ್ತು, ಸುಯ್ ಅಂತ ಒಂದೇ ಸಮ ಶಬ್ದ, ಇಷ್ಟು ಹರಿತ ನಾನು ಯಾವತ್ತೂ ನೋಡಿರ್ಲಿಲ್ಲ ಅನ್ನಿಸ್ತು. 11 ಇಂಚು ಅಗಲ, ತಳದಲ್ಲಿ ಹಿಡಿ ಕೊರೆದು, ತಿರುಗಿಸಿ ಆ ಹಿಡಿಯನ್ನ ಲೇತ್‌ನ ದವಡೆ, ಅಂದ್ರೆ ಚಕ್‌ಗೆ ಕಚ್ಚಿಸಿ ಒಳಗೆ ತೋಡೋಕೆ ಶುರು ಮಾಡಿದೆ. ಗೋಡೆ ಇಳಿಯೋವರೆಗೂ ತೊಂದ್ರೆ ಇಲ್ಲ. ಗೋಡೆ ಬಾಗಿ ತಳಕ್ಕೆ ಸೇರೋ ಜಾಗ ಬಂತಲ್ಲ, ಅಲ್ಲಿ ಬೆವೆಲ್ ಮರಕ್ಕೆ ಒರಗಿಯೇ ಇರ್ಬೇಕು ಅಂದ್ರೆ ಗೌಜ್‌ನ ಹಿಡಿಯನ್ನ ಇನ್ನೂ ನನ್ನ ಕಡೆ ಎಳೀಬೇಕು, ಎಳೆದ್ರೆ ಗೌಜ್‌ನ ಸರಳು ಬಟ್ಟಲಿನ ಅಂಚಿಗೆ ತಾಗ್ತಿದೆ. ಇದೇ ಗೌಜ್‌ನಲ್ಲಿ ಇದಕ್ಕಿಂತ ಆಳದ ಬಟ್ಟಲು ಮಾಡಿದ್ದೆ, ಆಗೇನೂ ತಾಗಿರ್ಲಿಲ್ಲ. ಒಂದು ಕ್ಷಣ ಬೆವೆಲ್ ಮರ ಬಿಟ್ಟಿತು, ಬಾಯಿ ಕಚ್ಚಿಕೊಂಡಿತು, ಢಬ್ ಅಂತ ಶಬ್ದ, ಒಳಗೆಲ್ಲ ಸುರುಳಿ ಗಾಯ, ತಳದ ಹಿಡಿ ಮುರಿದು ಬಟ್ಟಲು ಚಕ್‌ನಿಂದ ಕಿತ್ಕೊಂಡು ನನ್ನ ಫೇಸ್ ಶೀಲ್ಡ್‌ಗೆ ಬಡಿದು ಗೋಡೆ ಹತ್ರ ಬಿತ್ತು. ಸ್ವಿಚ್ ಆಫ್ ಮಾಡಿ ಸ್ಟೂಲ್ ಮೇಲೆ ಕೂತೆ, ಕೈ ನಡುಗೋದು ನಿಲ್ಲೋಕೆ ಹೊತ್ತು ಹಿಡೀತು. ಶೀಲ್ಡ್ ಇಲ್ದೆ ದಯವಿಟ್ಟು ಯಾರೂ ಲೇತ್ ಮುಂದೆ ನಿಲ್ಬೇಡಿ.

ಆಮೇಲೆ ಕೋನ ಅಳೆಯೋ ಪಟ್ಟಿ ತಗೊಂಡು ಮೂತಿಗೆ ಇಟ್ಟು ನೋಡಿದೆ. 60 ಡಿಗ್ರಿ ಇರ್ಬೇಕಾದ್ದು 54ರ ಹತ್ರ ಇತ್ತು. ಹೊರಮೈ ಅಷ್ಟು ಚೆನ್ನಾಗಿ ಬಂದಿದ್ದೂ ಅದಕ್ಕೇ, ಒಳಗೆ ಕೈಕೊಟ್ಟಿದ್ದೂ ಅದಕ್ಕೇ, ಮೂತಿ ತೆಳ್ಳಗಾದಷ್ಟೂ ಗೌಜ್‌ನ ಹಿಡಿ ಜಾಸ್ತಿ ಓರೆ ಆಗ್ಬೇಕು, ಆಳದಲ್ಲಿ ಅಷ್ಟು ಜಾಗ ಇರಲ್ಲ. ಆದ್ರೆ ಗೀರು ಅಲ್ಲೇ ಇದ್ಯಲ್ಲ, ಕೋಲು ಒಂದು ಕೂದಲೂ ಸರಿದಿಲ್ಲ, ಮತ್ತೆ ಕೋನ ಹೇಗೆ ಬದಲಾಯ್ತು? ಪೇಪರ್ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೆ ಒಂದು ಚಿಕ್ಕ ವೃತ್ತ, ಕೆಳಗೆ ಗೂಡಿಗೆ ಒಂದು ಚುಕ್ಕಿ ಹಾಕಿ, ಚುಕ್ಕಿಯಿಂದ ಎರಡೂ ವೃತ್ತಕ್ಕೆ ಒಂದೇ ಉದ್ದದ ಗೆರೆ ಎಳೆದಾಗ ಕಾಣಿಸ್ತು. ದೊಡ್ಡ ಚಕ್ರಕ್ಕೆ ಗೌಜ್ ಹೆಚ್ಚು ಸವರಿದ ಹಾಗೆ ತಾಗುತ್ತೆ, ಚಿಕ್ಕ ಚಕ್ರಕ್ಕೆ ಹೆಚ್ಚು ನೆಟ್ಟಗೆ. ನನ್ನ ಗೀರು ಇಷ್ಟು ದಿನ ಅಳೀತಿದ್ದದ್ದು ಬೇಸ್‌ನಿಂದ ಗೂಡಿಗೆ ಎಷ್ಟು ಅಂತ. ಗೌಜ್‌ಗೆ ಬೇಸ್ ಎಲ್ಲಿದ್ರೇನು, ಅದು ಮುಟ್ಟೋದು ಚಕ್ರದ ಮುಖವನ್ನ.

ಪುಣ್ಯಕ್ಕೆ ಕೊನೆ ಕಟ್‌ಗೆ ಅಂತ ಎತ್ತಿಟ್ಟಿದ್ದ ಅದೇ 5/8ರ ಇನ್ನೊಂದು ಗೌಜ್ ಹೊಸ ಚಕ್ರ ಕಂಡಿರ್ಲಿಲ್ಲ, ಅದರಲ್ಲಿ 60 ಹಾಗೇ ಇತ್ತು. ಅದರ ಬೆವೆಲ್‌ಗೆ ಕಪ್ಪು ಮಾರ್ಕರ್ ಬಳಿದು, ಗ್ರೈಂಡರ್ ಪ್ಲಗ್ ಕಿತ್ತು, ಚಕ್ರವನ್ನ ಕೈಯಲ್ಲೇ ಸ್ವಲ್ಪ ತಿರುಗಿಸಿದೆ. ಹಿಂಬದಿಯ ಮಸಿ ಮಾತ್ರ ಹೋಯ್ತು. ಕೋಲು ಒಂಚೂರು ಹೊರಗೆಳೆದೆ, ಮತ್ತೆ ಬಳಿದೆ, ಮತ್ತೆ ತಿರುಗಿಸಿದೆ. ಆರೇಳು ಸಲ ಮಾಡಿದ್ಮೇಲೆ ಬಾಯಿಯಿಂದ ಹಿಂಬದಿವರೆಗೂ ಮಸಿ ಒಂದೇ ಸಮ ಅಳಿಸ್ತು. ಅಲ್ಲಿ ಬಿಗಿ ಮಾಡಿ, ಚಕ್ರದ ಮುಖಕ್ಕೂ ಗೂಡಿನ ತಳಕ್ಕೂ ನಡುವೆ ಸರಿಯಾಗಿ ಕೂರೋ ಹಾಗೆ ಪ್ಲೈವುಡ್ ತುಂಡೊಂದನ್ನ ಕತ್ತರಿಸ್ದೆ. ಇನ್ಮೇಲೆ ಗೀರಲ್ಲ, ಈ ತುಂಡೇ ಅಳತೆ. ಗ್ರೈಂಡರ್‌ನ ಎಡಗಡೆ ಇನ್ನೂ ಕಲ್ಲಿನ ಚಕ್ರ ಇದೆ, ಅದು ಎಷ್ಟೇ ಸವೆದ್ರೂ ಈ ತುಂಡು ಇಟ್ರೆ ಕೋನ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ. ಕೆಟ್ಟಿದ್ದ ಗೌಜ್ ಹಿಡಿದಾಗ ಈ ಸಲ ಮಸಿ ಬಾಯಿ ಹತ್ರ ದಾರದಷ್ಟು ಮಾತ್ರ ಅಳಿಸ್ತು, ಅದೇ ಸರಿ. ಮೂತಿಯಲ್ಲಿ ತಡೆದು ನಿಲ್ಲದೇ, ರೆಕ್ಕೆ ಕಡೆ ಸ್ವಲ್ಪ ಜಾಸ್ತಿ ಹೊತ್ತು ಕೊಟ್ಟು, ಹೋಲ್ಡರ್‌ನ ಭಾರ ಬಿಟ್ರೆ ಬೇರೆ ಒತ್ತಡವೇ ಹಾಕ್ದೆ ತೂಗಿದೆ. ಮೂತಿಯಲ್ಲಿ ತಡೆದ್ರೆ ಅದು ಚಪ್ಪಟೆ ಆಗಿ ಪಕ್ಕದಲ್ಲಿ ತಗ್ಗು ಬೀಳುತ್ತೆ.

ರಾತ್ರಿ ಚನ್ನಪಟ್ಟಣಕ್ಕೆ ಫೋನ್ ಮಾಡಿದೆ, ಅಲ್ಲಿ ಬೆಳಿಗ್ಗೆ. ನಮ್ಮ ಸೋದರಮಾವ ಬೊಂಬೆ ಕೆಲ್ಸದವರು, ಹಾಲೆ ಮರ ಕಡೆದು, ತಿರುಗೋವಾಗಲೇ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಬಣ್ಣ ಹತ್ತಿಸಿ ಕೇದಿಗೆ ಎಲೆಯಲ್ಲಿ ಹೊಳಪು ಕೊಡೋ ಕೆಲ್ಸ. ಚಿಕ್ಕವನಿದ್ದಾಗ ಅವರ ಕಾಲ ಹತ್ರ ಕೂತು ಪುಡಿ ಮೈಮೇಲೆ ಸುರ್ಕೊಳ್ತಿದ್ದೆ. ಅವರಿಗೆ ಜಿಗ್ ಗಿಗ್ ಏನೂ ಇಲ್ಲ, ಉಳಿಯನ್ನ ಕೈಯಲ್ಲೇ ಹಿಡಿದು ಸಾಣೆ ಕೊಡ್ತಾರೆ, ಕೋನ ಅವರ ಮಣಿಕಟ್ಟಿನಲ್ಲಿದೆ. ಅವರ ಹಾಲೆ ಮರ ಮೆತ್ತಗಿದ್ದು ಬೆಣ್ಣೆ ಹಾಗೆ ಬರುತ್ತೆ, ನನ್ನ ಆಶ್ ನಾರುನಾರು. ನನಗೆ ವಾರಕ್ಕೆ ಒಂದು ದಿನ ಲೇತ್, ಅವರಿಗೆ ನಲವತ್ತು ವರ್ಷ ದಿನಾ. ವಿಡಿಯೋದಲ್ಲಿ ಗೌಜ್ ತೋರಿಸ್ದೆ. ಕಣ್ಣು ಕಿರಿದು ಮಾಡಿ ನೋಡಿ, "ಉಗುರಿನ ಮೇಲೆ ಇಟ್ಟು ನೋಡ್ದ್ಯೇನೋ, ಜಾರ್ತದಾ ಕಚ್ತದಾ" ಅಂದ್ರು. ಇಟ್ಟು ತೋರಿಸ್ದೆ. ಕಚ್ತು. "ಆಯ್ತು ಬಿಡು, ಮರ ಒಣಗೋಕ್ ಮುಂಚೆ ಇನ್ನೊಂದು ಹೋಳು ಮಾಡ್ಕೋ" ಅಂದು ತಮ್ಮ ಕೆಲ್ಸಕ್ಕೆ ಎದ್ರು.

ಭಾನುವಾರ ಇನ್ನೊಂದು ಹೋಳು ಹಾಕಿದೆ. ತಿರುವಿನಲ್ಲಿ ಗೌಜ್ ಎಲ್ಲೂ ತಾಗ್ದೆ ತಳದ ನಡುವಿನವರೆಗೂ ಸುಯ್ ಅಂತಾನೇ ಹೋಯ್ತು. ಒಣಗುವಾಗ ಸೊಟ್ಟ ಆಗುತ್ತಲ್ಲ, ಅದಕ್ಕೆ ಗೋಡೆ ಒಂದಿಂಚಿನ ಮೇಲೆ ದಪ್ಪ ಬಿಟ್ಟು, ತಳದಲ್ಲಿ ಪೆನ್ಸಿಲ್‌ನಿಂದ ತಾರೀಖು, ತೂಕ ಬರೆದು, ತೇವದ ಸಿಪ್ಪೆ ಜೊತೆ ಪೇಪರ್ ಬ್ಯಾಗ್‌ನಲ್ಲಿಟ್ಟೆ. ಪ್ಲೈವುಡ್ ತುಂಡಿಗೆ ಒಂದು ತೂತು ಕೊರೆದು, "ದೊಡ್ಡ ಗೌಜ್, 60" ಅಂತ ಬರೆದು, ಗ್ರೈಂಡರ್ ಪಕ್ಕದ ಮೊಳೆಗೆ ನೇತುಹಾಕಿದೀನಿ. ಚಿಕ್ಕ ಗೌಜ್‌ದು ಇನ್ನೂ ಮಾಡ್ಬೇಕು.