ಮೊದಲು ಹೇಳಿದವರು ಯಾರು?

ನಮ್ಮ ಕನ್ನಡ ವಿಭಾಗದಲ್ಲಿ ಕವಿಯೊಬ್ಬನ ಮೇಲೆ ಪ್ರಬಂಧ ಬರೆದವರಿಗೆಲ್ಲ ಒಂದು ಪ್ರಶ್ನೆ ಕಾದಿರುತ್ತಿತ್ತು: ‘ಇದನ್ನು ಮೊದಲು ಹೇಳಿದವರು ಯಾರು?’ ಹತ್ತು ಪುಸ್ತಕಗಳಲ್ಲಿದೆ ಎಂಬ ಉತ್ತರ ಅಲ್ಲಿ ನಡೆಯುತ್ತಿರಲಿಲ್ಲ. ಹತ್ತೂ ಒಂದನ್ನೇ ನೋಡಿ ಬರೆದವಾಗಿರಬಹುದಲ್ಲ! ಹಳಗನ್ನಡ ಪಾಠ ಹೇಳುತ್ತಿದ್ದ ಮೇಷ್ಟ್ರು ಕಲಿಸಿದ ಕ್ರಮವನ್ನು ಈಗ ಅದೇ ತರಗತಿಯಲ್ಲಿ ಕೂತವರಿಗಾಗಿ ಬರೆದಿಡುತ್ತಿದ್ದೇನೆ.

ಶುರು ಗ್ರಂಥಾಲಯದ ಪರಾಮರ್ಶನ ವಿಭಾಗದ ಕಪಾಟಿನಿಂದ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ ತೆಗೆದು ಕವಿಯ ಕಾಲ, ಊರು, ಆಶ್ರಯದಾತ, ಕೃತಿ ಇಷ್ಟನ್ನು ಚೀಟಿಗಳಲ್ಲಿ ಗುರುತು ಹಾಕಿಕೊಳ್ಳಬೇಕು. ಒಂದು ಚೀಟಿಗೆ ಒಂದೇ ಸಂಗತಿ. ಇದರ ಮೂರು ಸಂಪುಟಗಳು ಬಂದದ್ದು 1907, 1919, 1929ರಲ್ಲಿ. ಮೊದಲನೆಯದು ಆಮೇಲೆ ಪರಿಷ್ಕಾರವಾಯಿತು. ಹಾಗಾಗಿ ಯಾವ ಮುದ್ರಣ ನೋಡಿದ್ದು ಎನ್ನುವುದು ಚೀಟಿಯ ತಲೆಯಲ್ಲೇ ಇರಬೇಕು. ಆಚಾರ್ಯರ ಕಾಲದ ನಂತರ ಸಿಕ್ಕ ಶಾಸನಗಳಿಗಾಗಿ ಬೆಂಗಳೂರು, ಮೈಸೂರು ವಿಶ್ವವಿದ್ಯಾನಿಲಯಗಳು ಸಂಪುಟ ಸಂಪುಟವಾಗಿ ತಂದ ಸಾಹಿತ್ಯ ಚರಿತ್ರೆಗಳಿವೆ. ಅವುಗಳಲ್ಲಿ ಅಡಿಟಿಪ್ಪಣಿಯನ್ನೇ ಮೊದಲು ಓದಿ. ಬೇರು ಕಾಣುವುದು ಅಲ್ಲಿ.

ಆಮೇಲೆ ಕಾವ್ಯಕ್ಕೆ ಬರಬೇಕು. ಪೀಠಿಕೆಯ ಪದ್ಯಗಳು, ಹಿಂದಿನ ಕವಿಗಳನ್ನು ನೆನೆಯುವ ಪೂರ್ವಕವಿಸ್ಮರಣೆ, ಆಶ್ವಾಸದ (ಅಧ್ಯಾಯದ) ಕೊನೆಯ ಗದ್ಯ ಇವನ್ನು ಹಾರಿಸಿ ಓದುವುದನ್ನು ಮೇಷ್ಟ್ರು ಸಹಿಸುತ್ತಿರಲಿಲ್ಲ. ಅವರ ಮಾತು ನೂರಕ್ಕೆ ನೂರು ಸರಿ. ತಾನು ಹುಟ್ಟಿದ್ದು ಸೌಮ್ಯ ಸಂವತ್ಸರದಲ್ಲಿ ಎಂದು ಹೇಳಿದವನು ರನ್ನನೇ. ಅವನ ಅಜಿತಪುರಾಣ ಮುಗಿದದ್ದು ಶಕ 915, ವಿಜಯ ಸಂವತ್ಸರದಲ್ಲಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 993. ಮಾಘ, ಫಾಲ್ಗುಣದ ತಿಥಿಯಾದರೆ ಸಾಮಾನ್ಯವಾಗಿ 79 ಕೂಡಿಸಬೇಕು. ಇಷ್ಟಕ್ಕೇ ಬಿಡಬಾರದು, ಸಂವತ್ಸರದ ತಾಳೆಯೂ ನೋಡಬೇಕು. ಹೆಸರುಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. 2013ರ ಯುಗಾದಿಗೆ ಬಂದದ್ದು ವಿಜಯ. ಅದರಲ್ಲಿ 60ರ 17 ಪಟ್ಟು, ಅಂದರೆ 1020 ಕಳೆದರೆ 993 ಸಿಗುತ್ತದೆ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಕವಿ ತಪ್ಪಿದ ಎಂದು ಬರೆಯಬೇಡಿ. ಶಕವರ್ಷವನ್ನು ಗತ (ಮುಗಿದ ವರ್ಷ) ಎಂದೂ ವರ್ತಮಾನ (ನಡೆಯುತ್ತಿರುವ ವರ್ಷ) ಎಂದೂ ಎರಡು ರೀತಿ ಎಣಿಸುತ್ತಿದ್ದರು.

ಇನ್ನು ಕಾವ್ಯದ ಹೊರಗಿನ ಸಾಕ್ಷಿ. ರನ್ನನಿಂದ ಅಜಿತಪುರಾಣ ಬರೆಸಿದ ಅತ್ತಿಮಬ್ಬೆಯ ಶಾಸನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿದೆ, ಕಾಲ 1007. ಇದನ್ನು ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಹುಡುಕಿ ಸುಸ್ತಾಗುವವರು ಬಹಳ. ಅದರ ವ್ಯಾಪ್ತಿ ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗು ಮಾತ್ರ. ಗದಗ, ಧಾರವಾಡ, ವಿಜಯಪುರದ ಕಡೆಯ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ 11ರಿಂದ ಶುರುವಾಗುವ ಬಾಂಬೆ ಕರ್ನಾಟಕ ಸಂಪುಟಗಳನ್ನು ತೆಗೆಯಬೇಕು.

ಹೆಸರುಗಳ ವಿಷಯದಲ್ಲಿ ತುಂಬ ಎಚ್ಚರ ಬೇಕು. ಜಿನವಲ್ಲಭ ಎಂದರೆ ರನ್ನನ ತಂದೆ. ಪಂಪನ ತಮ್ಮನ ಹೆಸರೂ ಜಿನವಲ್ಲಭನೇ. ರನ್ನನ ತಾಯಿ ಅಬ್ಬಲಬ್ಬೆ, ಪಂಪನ ತಾಯಿ ಅಬ್ಬಣಬ್ಬೆ. ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ತೆಲಂಗಾಣದ ಕುರಿಕ್ಯಾಲದ ಬೆಟ್ಟದಲ್ಲಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಇರುವುದರಿಂದ ತೆಲುಗು ವಿದ್ವಾಂಸರೂ ಅದರ ಮೇಲೆ ಬರೆದಿದ್ದಾರೆ. ಪಂಪನನ್ನು ಓದುವವರು ಕನ್ನಡದ ಕಪಾಟಿಗೇ ನಿಂತರೆ ಅರ್ಧ ಚರ್ಚೆ ತಪ್ಪಿಹೋಗುತ್ತದೆ.

ಹೊಸಗನ್ನಡದ ಲೇಖಕರಿಗೆ ಕಾವ್ಯನಾಮವೇ ಮೊದಲ ತೊಡಕು. ಆನಂದ ಎಂದರೆ ಅಜ್ಜಂಪುರ ಸೀತಾರಾಂ, ಆನಂದಕಂದ ಎಂದರೆ ಬೆಟಗೇರಿ ಕೃಷ್ಣಶರ್ಮ. ಇಬ್ಬರೂ ಕಥೆ ಬರೆದವರು, ಸೂಚಿಯಲ್ಲಿ ಅಕ್ಕಪಕ್ಕ ಕೂರುವವರು. ಮಾಸ್ತಿಯವರನ್ನು ಹುಡುಕುವಾಗ ‘ಶ್ರೀನಿವಾಸ’ ಎಂದೂ ಹುಡುಕಬೇಕು. ನಿಜವಾದ ಹೆಸರು, ಕಾವ್ಯನಾಮ, ಇನಿಷಿಯಲ್ ಹಿಂದೆ ಬಂದ ರೂಪ, ಮುಂದೆ ಬಂದ ರೂಪ ಎಲ್ಲವನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಗ್ರಂಥಾಲಯಕ್ಕೆ ಹೋಗಿ. ಬರಹ ಮೊದಲು ಬೆಳಕು ಕಂಡ ಪತ್ರಿಕೆ ಬೇಕಾದರೆ ಪ್ರಬುದ್ಧ ಕರ್ನಾಟಕ, ಜಯಂತಿ, ಜೀವನದಂಥ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳನ್ನೇ ತಿರುವಬೇಕು. ಅಭಿನಂದನ ಗ್ರಂಥಗಳಲ್ಲಿ ಹೊಗಳಿಕೆಯ ಲೇಖನಗಳಿಗಿಂತ ಕೊನೆಯ ಪುಟಗಳ ಕೃತಿಸೂಚಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಪುಸ್ತಕಗಳು ಸಿಗುತ್ತವೆ, ನಮ್ಮ ಕಾಲಕ್ಕಿಲ್ಲದ ಭಾಗ್ಯ. ಎಷ್ಟೋ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ ತಪ್ಪುತಪ್ಪಾಗಿ ಏರಿವೆ. ಪೂರ್ತಿ ಹೆಸರು ಹಾಕದೆ ಒಂದು ಪದವನ್ನಷ್ಟೇ ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ. ಅಲ್ಲಿ ತೋರಿಸುವ ಇಸವಿಯನ್ನು ನಂಬದೆ ಒಳಗಿನ ಮುದ್ರಣ ವಿವರದ ಪುಟ ತೆರೆಯಿರಿ. ಆ ಪುಟವೇ ಬಿಟ್ಟುಹೋಗಿದ್ದರೆ ಮುನ್ನುಡಿಯ ಕೆಳಗಿನ ತಾರೀಖು ಬರೆದುಕೊಂಡು, ಅದು ಮುನ್ನುಡಿಯ ತಾರೀಖೆಂದೇ ನಮೂದಿಸಿ. ಅದೂ ಇಲ್ಲದಿದ್ದರೆ ಚೀಟಿಯಲ್ಲಿ ಇಸವಿಯ ಜಾಗ ಖಾಲಿ ಇರಲಿ, ಮೂಲ ಪ್ರತಿ ಕೈಗೆ ಸಿಗುವವರೆಗೆ.