ಬಂಡೆಯ ನೆರಳು
ಮಾರ್ಚ್ ತಿಂಗಳ ಒಂದು ಭಾನುವಾರ. ಗಂಗಾವತಿಯಿಂದ ತಮ್ಮನನ್ನು ಬೈಕಲ್ಲಿ ಕೂರಿಸಿಕೊಂಡು ಆನೆಗೊಂದಿಗೆ ಹೋಗಿದ್ದೆ. ವಾಪಸ್ ಬರುವಾಗ ಒಂದು ಬಾಳೆ ತೋಟದ ಪಕ್ಕ ನೀರು ಕುಡಿಯೋಕೆ ನಿಂತೆವು. ಹೊತ್ತು ಇಳಿದಿತ್ತು. ಬಂಡೆಗುಡ್ಡದ ನೆರಳು ತೋಟದ ತುಂಬ ಚಾಚಿತ್ತು. ಎದುರಿಗಿದ್ದ ಬಾಳೆಗಿಡದ ಬುಡವೆಲ್ಲ ಕಪ್ಪು, ತುದಿಯ ಒಂದೇ ಎಲೆ ಬಿಸಿಲಿಗೆ ಹೊಳೆಯುತ್ತಿತ್ತು. ಇಬ್ಬರೂ ಸುಮ್ನೆ ನೋಡುತ್ತಾ ನಿಂತಿದ್ದೆವು.

ರಾತ್ರಿ ಊಟ ಮುಗಿಸಿ ಸ್ಕೈರಿಮ್ ಹಾಕಿದೆವು. 2011ರ ಕಂಪ್ಯೂಟರ್ ಆಟ ಅದು, ನನಗೆ ಇವತ್ತಿಗೂ ಅದರ ಗುಡ್ಡಗಳೆಂದರೆ ಜೀವ. ಆಡುತ್ತಿದ್ದ ತಮ್ಮ ತಟ್ಟನೆ ನಿಲ್ಲಿಸಿದ.

"ಅಣ್ಣಾ, ಇಲ್ನೋಡು. ಬಂಡಿ ನೆರಳಾಗ ಐತಿ, ಆದ್ರೂ ಈ ಗಿಡ ಬಿಸಿಲಾಗ ನಿಂತಂಗ ಹೊಳೀಲಿಕತ್ತೈತಿ."

ಹೌದು! ಬಂಡೆಯ ನೆರಳು ನೆಲಕ್ಕೆ ಬಿದ್ದಿತ್ತು. ಅದೇ ನೆರಳಲ್ಲಿದ್ದ ಪೈನ್ ಮರಕ್ಕೆ ಮಾತ್ರ ಅದು ತಾಕಿಯೇ ಇರಲಿಲ್ಲ. ಎಷ್ಟು ವರ್ಷ ಆಡಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಮ್ಮೆ ಕಂಡ ಮೇಲೆ ಬರೀ ಅದೇ ಕಾಣತೊಡಗಿತು.

ಮೆನುವಿನಲ್ಲಿ ಎಲ್ಲವೂ ಆಗಲೇ ಅಲ್ಟ್ರಾದಲ್ಲಿತ್ತು, ಅಂದರೆ ಚಿತ್ರದ ಗುಣಮಟ್ಟ ಎಲ್ಲಕ್ಕಿಂತ ಮೇಲಿನ ಹಂತದಲ್ಲಿತ್ತು, ಹೆಚ್ಚಿಸೋಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆದರೆ ಡಾಕ್ಯುಮೆಂಟ್ಸ್ ಒಳಗೆ ಮೈ ಗೇಮ್ಸ್ ಅಂತ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ ಸ್ಕೈರಿಮ್ ಪ್ರೆಫ್ಸ್ ಅನ್ನುವ ಐಎನ್‌ಐ ಫೈಲ್, ಆಟದ ಸೆಟ್ಟಿಂಗ್‌ಗಳನ್ನು ಬರೆದಿಟ್ಟ ಫೈಲ್ ಅದು. ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಮೊದಲು ಅದನ್ನು ಕಾಪಿ ಮಾಡಿ ಬೇರೆ ಕಡೆ ಇಟ್ಟೆ. ಇದೊಂದನ್ನು ಯಾರೂ ಬಿಡಬಾರದು. ಒಳಗೆ ಹುಡುಕಿದರೆ 'ಟ್ರೀಸ್ ರಿಸೀವ್ ಶ್ಯಾಡೋಸ್' ಅನ್ನುವ ಸಾಲು. ಅದರ ಮುಂದೆ ಸೊನ್ನೆ. ಮರಕ್ಕೆ ನೆರಳು ಬೀಳಿಸೋದು ಆಟಕ್ಕೆ ಮೊದಲಿನಿಂದ ಗೊತ್ತಿತ್ತು, ಬಂದ್ ಆಗಿತ್ತು ಅಷ್ಟೇ. 'ಡ್ರಾ ಲ್ಯಾಂಡ್ ಶ್ಯಾಡೋಸ್' ಕೂಡ ಸೊನ್ನೆ, ಅಂದರೆ ನೆಲದ ಏರುತಗ್ಗಿಗೆ ನೆರಳಿಲ್ಲ. ಎರಡನ್ನೂ 1 ಮಾಡಿ ಸೇವ್ ಮಾಡಿದೆ.

ಮರಕ್ಕೆ ನೆರಳು ಬಂತು. ಆದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ, ಒರಟಾಗಿ ಕಾಣುತ್ತಿತ್ತು. ಫ್ರೇಮ್ ಬೇರೆ, ಅಂದರೆ ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಲೆಕ್ಕ, 60ರಿಂದ 50ರ ಆಸುಪಾಸಿಗೆ ಇಳಿಯಿತು. ಇಲ್ಲೇ ಜಾಸ್ತಿ ಹೊತ್ತು ಹೋಯಿತು. ಆಟ ನೆರಳುಗಳನ್ನೆಲ್ಲ ಒಂದು ಚಿತ್ರದ ಹಾಗೆ ಬರೆದುಕೊಂಡು ನೆಲದ ಮೇಲೆ ಹಾಸುತ್ತದೆ. ಅಲ್ಟ್ರಾದಲ್ಲಿ ಆ ಚಿತ್ರ 4096 ಪಿಕ್ಸೆಲ್ ಅಗಲ. ಚಾದರ ಅಷ್ಟೇ, ಹಾಸಬೇಕಾದ ಜಾಗ ದೊಡ್ಡದು. ಎಳೆದಷ್ಟೂ ಎಳೆ ಬಿಡುತ್ತದೆ, ಅಲ್ವಾ? 'ಶ್ಯಾಡೋ ಡಿಸ್ಟೆನ್ಸ್' 8000 ಇದ್ದದ್ದನ್ನು 4000ಕ್ಕೆ ಇಳಿಸಿದೆ. ದೂರದ ನೆರಳು ಹೋಯಿತು. ಹತ್ತಿರದ್ದು ನಯವಾಯಿತು, ಫ್ರೇಮೂ ಮೇಲೆ ಬಂತು.

ತಮ್ಮನಿಗೆ ಹುರುಪು ಬಂದು 'ಗ್ರಿಡ್ಸ್ ಟು ಲೋಡ್' 5 ಇದ್ದದ್ದನ್ನು 7 ಮಾಡೋಣ ಅಂದ. ಬೇಡ ಅಂದೆ. ಆಟಗಾರನ ಸುತ್ತ 5x5, ಅಂದರೆ 25 ತುಂಡು ನೆಲದ ಬದಲು 7x7, 49 ತುಂಡು ಲೋಡ್ ಆಗುತ್ತದೆ. ಒಮ್ಮೆ ಹಾಗೆ ಸೇವ್ ಮಾಡಿದರೆ, ಮತ್ತೆ 5 ಮಾಡಿದಾಗ ಆ ಸೇವ್ ತೆರೆಯದೇ ಆಟ ಬಿದ್ದುಹೋಗಬಹುದು. ಅವನು ತಿಂಗಳುಗಟ್ಟಲೆ ಆಡಿದ ಸೇವ್ ಅದು.

ರಾತ್ರಿ ಹನ್ನೆರಡು ದಾಟಿತ್ತು. ತಮ್ಮ ಅದೇ ಪೈನ್ ಮರದ ಎದುರು ನಿಂತು, ಆಟದ ಗಡಿಯಾರವನ್ನು ಒಂದೊಂದೇ ತಾಸು ಮುಂದಕ್ಕೆ ತಳ್ಳುತ್ತಾ ಹೋದ. ಸಂಜೆಯಾಗುತ್ತಿದ್ದ ಹಾಗೆ ಬಂಡೆಯ ನೆರಳು ಬುಡದಿಂದ ಮೇಲೇರಿತು. ತುದಿಯ ಕೊಂಬೆಯಲ್ಲಷ್ಟೇ ಬಿಸಿಲು ಉಳಿಯಿತು.

"ನಮ್ಮ ಬಾಳಿಗಿಡ ಆತು ನೋಡಣ್ಣ," ಅಂದ.